ಪರದೇಶವಾಸಿ ಜರ್ಮನರ ವರ್ತಮಾನಪತ್ರಗಳೂ ಮಂಗಳೂರ ಸಮಾಚಾರವೂ

ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ನೆಲಸಿದ ಜನರು ಅಲ್ಲಿ ಮೊದಲು ಕಟ್ಟುವುದು ತಮ್ಮ ದೇವತಾಮಂದಿರವನ್ನು. ಅದರ ತರುವಾಯ ಮಕ್ಕಳಿಗೊಂದು ಪಾಠಶಾಲೆಯನ್ನು. ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ತಮ್ಮ ನುಡಿಯಲ್ಲೊಂದು ಪತ್ರಿಕೆಯನ್ನು. ಮುಂಬಯಿಗೆ ಹೋಗಿ ನೆಲಸಿದ ದಕ್ಷಿಣ ಕನ್ನಡದವರು ಅಲ್ಲಿಂದ 'ಮೊಗವೀರ'ವೇ ಮೊದಲಾದ ಮಾಸಪತ್ರಿಕೆಗಳನ್ನು ಹೊರಡಿಸಿದ ಸಂಗತಿಯು ಈ ಜಿಲ್ಲೆಯ ವಾಚಕರಿಗೆ ತಿಳಿದದ್ದೇ ಆಗಿದೆ. ಊರಿನ ಮದುವೆ ಮರಣಗಳ ಸುದ್ದಿ, ಮಳೆ ಬೆಳೆಗಳ ಸುದ್ದಿ, ಜಾತ್ರೆ ನೇಮಗಳ ಸುದ್ದಿ ತನ್ನ ಭಾಷೆಯಲ್ಲಿ ಕಣ್ಣಿಗೆ ಬಿದ್ದರೆ ಪರಸ್ಥಳದಲ್ಲಿರುವವನಿಗೆ ಒಂದು ಹೊತ್ತಿನ ಊಟ ಹೆಚ್ಚಾದಂತೆ.

ಈ ವಿಷಯದಲ್ಲಿ ಜರ್ಮನರಷ್ಟು ಆಸಕ್ತಿಯನ್ನು ತೋರಿದ ಜನಾಂಗಗಳು ವಿರಳ. ಉತ್ತರ ಅಮೇರಿಕೆಯ ಪೆನ್ಸಿಲ್ವೇನಿಯಾ ಸೀಮೆಗೆ ಜರ್ಮನ್ ರೈತರು ಗುಂಪುಗುಂಪಾಗಿ ಬಂದಿಳಿಯುತ್ತಿದ್ದ ಕಾಲದಲ್ಲಿ, 1732ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ನನು ಅವರಿಗಾಗಿ 'ಫಿಲಡೆಲ್ಫಿಶೆ ಟ್ಸೈಟುಂಗ್' ಎಂಬ ಪತ್ರವನ್ನು ಹೊರಡಿಸಿದನು. ಆತನು ಜರ್ಮನನಲ್ಲ, ಆ ಜನರಿಗೆ ರೂಢಿಯಾಗಿದ್ದ ಮುರಿಯಕ್ಷರದ ಮೊಳೆಗಳೂ ಆತನ ಬಳಿ ಇರಲಿಲ್ಲ. ಪತ್ರವು ಬಹುಬೇಗ ನಿಂತಿತು. ಆದರೆ 1739ರಲ್ಲಿ ಜರ್ಮನ್‌ಟೌನ್ ಎಂಬ ಹಳ್ಳಿಯಲ್ಲಿ ಕ್ರಿಸ್ಟೊಫ್ ಸೌರ್ ಎಂಬವನು, ತಾನೇ ಜರ್ಮನನಾಗಿ, ಆ ಜನರ ಕಣ್ಣಿಗೆ ಪರಿಚಿತವಾದ ಅಕ್ಷರದಲ್ಲೇ ಆರಂಭಿಸಿದ ಪತ್ರವು ಮನೆಮನೆಗೂ ಹೊಕ್ಕಿತು. ಸಂಯುಕ್ತ ಸಂಸ್ಥಾನಗಳ ಸ್ವಾತಂತ್ರ್ಯ ಘೋಷಣೆಯು ಅಂಗೀಕೃತವಾದ ಸುದ್ದಿಯನ್ನು 1776ನೆಯ ಜುಲೈ 5ರಂದು ಎಲ್ಲಕ್ಕಿಂತ ಮೊದಲು ಅಚ್ಚುಮಾಡಿದ್ದು ಇಂಗ್ಲಿಷ್ ಪತ್ರವಲ್ಲ, ಫಿಲಡೆಲ್ಫಿಯಾದ ಹೈನ್ರಿಖ್ ಮಿಲ್ಲರನ ಜರ್ಮನ್ ಪತ್ರ ಎಂಬುದು ಚರಿತ್ರೆಯ ಒಂದು ವಿನೋದ. ಅನಂತರ ಈ ಬೀಜವು ಎಲ್ಲೆಡೆಯೂ ಬಿದ್ದಿತು. ಆಸ್ಟ್ರೇಲಿಯದ ಅಡಿಲೇಡಿನಲ್ಲಿ 1848ರಲ್ಲಿ, ಬ್ರಾಜಿಲಿನ ಪೋರ್ಟೊ ಅಲೆಗ್ರೆಯಲ್ಲಿ 1852ರಲ್ಲಿ, ಚೀನದ ಶಾಂಘಾಯಿಯಲ್ಲಿ 1886ರಲ್ಲಿ ಜರ್ಮನ್ ಪತ್ರಗಳು ಹುಟ್ಟಿದವು. ನೈರುತ್ಯ ಆಫ್ರಿಕದ ವಿಂಡ್‌ಹೂಕಿನಲ್ಲಿ 1916ರಲ್ಲಿ ಮೊದಲಾದ ಜರ್ಮನ್ ಪತ್ರವು ಶತಮಾನವನ್ನು ದಾಟಿ ನಡೆಯಿತು.

ಇಷ್ಟನ್ನು ತಿಳಿದವನ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಜರ್ಮನರು ದಕ್ಷಿಣ ಕನ್ನಡಕ್ಕೂ ಬಂದು ಎಂಬತ್ತು ವರ್ಷಗಳ ಕಾಲ ಇಲ್ಲಿ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆಗಳನ್ನು ನಡೆಯಿಸಿದರಲ್ಲವೆ? ಹಾಗಾದರೆ ಮಂಗಳೂರಿನಿಂದ ಒಂದು ಜರ್ಮನ್ ವರ್ತಮಾನಪತ್ರವು ಏಕೆ ಹೊರಡಲಿಲ್ಲ? ಅವರು ಹೊರಡಿಸಿದ್ದು ಕನ್ನಡ ಪತ್ರವನ್ನು. ಕನ್ನಡ ಭಾಷೆಗೇ ಮೊದಲನೆಯದಾದ ಪತ್ರವನ್ನು. ಆ ಪತ್ರದ ಆಯುಸ್ಸು ಒಂದು ವರ್ಷದ ಆಚೀಚೆ. ಅದೇ ಜನರು ಜರ್ಮನ್ ಭಾಷೆಯಲ್ಲಿ ಬರೆದದ್ದು ಇನ್ನೊಂದಿದೆ. ಅದು ಇಲ್ಲಿ ಅಚ್ಚಾಗಲಿಲ್ಲ, ಇಲ್ಲಿಯವರು ಓದಲಿಲ್ಲ, ಶತಮಾನಕ್ಕೂ ಮೀರಿ ನಡೆಯಿತು. ಇವೆರಡನ್ನೂ ಎದುರೆದುರಿಗೆ ಇಟ್ಟು ನೋಡುವುದು ಉಚಿತ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯಲ್ಲಿ ದುಡಿದವರು ಬಹುಪಾಲು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಕುಂಪಣಿ ಸರಕಾರದ 1833ರ ಸನದಿನ ಮೂಲಕ ಆಂಗ್ಲೇತರ ಪಾದ್ರಿಗಳಿಗೂ ಭಾರತದಲ್ಲಿ ಪ್ರವೇಶವು ಸುಲಭವಾಯಿತು. ಮರುವರ್ಷವೇ, 1834ನೆಯ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಸಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯ ಮಾರ್ಗವಾಗಿ ಮಂಗಳೂರಿಗೆ ಬಂದರು. 1836ರ ಕೊನೆಯಲ್ಲಿ ಬಂದವರು ಹೆರ್ಮನ್ ಮೋಗ್ಲಿಂಗರು. ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ಪಂಡಿತರು ಅವರು.

ಇವರು ಅಮೇರಿಕೆಯ ಜರ್ಮನರಂತೆ ಭೂಮಿಯನ್ನು ಹಿಡಿದು ಮೊಮ್ಮಕ್ಕಳ ಕಾಲದವರೆಗೆ ಇಲ್ಲಿಯೇ ಇರಬೇಕೆಂದು ಬಂದ ಒಕ್ಕಲಿಗರಲ್ಲ. ಸಂಖ್ಯೆಯು ಬೆರಳೆಣಿಕೆಯದು. ಮಕ್ಕಳು ಹುಟ್ಟಿದರೆ ಶಾಲೆಯ ವಯಸ್ಸಿಗೆ ಅವರನ್ನು ಹಡಗು ಹತ್ತಿಸಿ ಯೂರೋಪಿಗೆ ಕಳುಹಿಸುತ್ತಿದ್ದರು. ಅಂಥ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ 1853ರಿಂದ ಒಂದು ಮನೆ ಏರ್ಪಟ್ಟಿತು. ತಂದೆತಾಯಿಗಳ ಮುಖವನ್ನು ಮರೆತು ಬೆಳೆದ ಆ ಮಕ್ಕಳ ಕಥೆಯು ಬೇರೆಯೇ ಒಂದು ಕರುಣರಸದ ಅಧ್ಯಾಯ. ಇರಲಿ. ಮಕ್ಕಳಿಗೆ ಭಾಷೆಯನ್ನು ಉಳಿಸಿಕೊಡುವ ಅಗತ್ಯವು ಇಲ್ಲದ ಕಡೆ, ಪರಸ್ಪರ ದಿನವೂ ಕಾಣುವ ಹತ್ತಾರು ಮಂದಿಗೆ, ಸ್ವಭಾಷೆಯ ಪತ್ರಿಕೆಯಿಂದ ಪ್ರಯೋಜನವೇನು? ಅವರಿಗೆ ಬೇಕಾಗಿದ್ದವರು ಹೊರಗಿನ ಓದುಗರು. ಬಂದ ಪಾದ್ರಿಯು ಮೊದಲು ಊರ ಭಾಷೆಯನ್ನು ಕಲಿಯತಕ್ಕದ್ದೆಂಬುದು ಆ ಮಿಶನ್ನಿನ ಕಟ್ಟುನಿಟ್ಟಾದ ವಿಧಿಯೂ ಆಗಿತ್ತು.

ಆ ಕಾಲದ ಓದುಗರ ಸ್ಥಿತಿಯನ್ನು ತಿಳಿಯಬೇಕಾದರೆ ಬಂಟ್ವಾಳದಂತಹ ಪೇಟೆಯನ್ನು ನೆನೆಯಬೇಕು. ಘಟ್ಟದ ಮೇಲಿನಿಂದ ಇಳಿದ ಸರಕು ಬಂಟ್ವಾಳ ಪಾಣೆಮಂಗಳೂರುಗಳಲ್ಲಿ ದೋಣಿಯನ್ನೇರಿ ನೇತ್ರಾವತಿಯ ಮೂಲಕ ಬಂದರಕ್ಕೆ ಹೋಗುತ್ತಿತ್ತು. ಬಂದರದ ಉಪ್ಪು ಮೀನುಗಳು ಮೇಲಕ್ಕೆ ಬರುತ್ತಿದ್ದವು. ಸುದ್ದಿಯೂ ಅದೇ ದೋಣಿಯಲ್ಲಿ, ಅದೇ ಎತ್ತಿನ ಬೆನ್ನ ಮೇಲೆ ಸಂಚರಿಸುತ್ತಿತ್ತು. ಬೆಳ್ತಂಗಡಿಯ ಕಡೆಯವರಿಗೆ ಧರ್ಮಸ್ಥಳದ ಯಾತ್ರಿಕರು ಹೇಳಿದ್ದೇ ದೇಶಾಂತರದ ವಾರ್ತೆ. ಮೂಡಬಿದಿರೆಯವರಿಗೆ ಬಸದಿಗಳ ದರ್ಶನಕ್ಕೆ ಬಂದ ಪರಸ್ಥಳದ ಶ್ರಾವಕರು ತಂದದ್ದು. ದೋಣಿಯ ಸುದ್ದಿಯು ದಡ ಸೇರುವಷ್ಟರಲ್ಲಿ ಇಮ್ಮಡಿಯಾಗುವುದು ಲೋಕಸಿದ್ಧ.

1837ನೆಯ ಏಪ್ರಿಲ್ ತಿಂಗಳಲ್ಲಿ ಇದು ಕಣ್ಣಿಗೆ ಕಟ್ಟುವಂತಾಯಿತು. ಕೊಡಗಿನ ಅರಸೊತ್ತಿಗೆಯನ್ನು ಕುಂಪಣಿಯವರು 1834ರಲ್ಲಿ ಕಿತ್ತುಕೊಂಡು, ಸುಳ್ಯದ ಕಡೆಯ ಪ್ರದೇಶವನ್ನು ಈ ಜಿಲ್ಲೆಗೆ ಸೇರಿಸಿ, ಧಾನ್ಯರೂಪದ ಕಂದಾಯವನ್ನು ಹಣದಲ್ಲಿ ಕೇಳಿದ್ದರಿಂದ ಎದ್ದ ರೈತರ ದಂಡು ಬೆಳ್ಳಾರೆ ಪುತ್ತೂರುಗಳನ್ನು ದಾಟಿ, ಪಾಣೆಮಂಗಳೂರು ಬಂಟ್ವಾಳಗಳ ಮಾರ್ಗವಾಗಿ ಮಂಗಳೂರನ್ನು ಹೊಕ್ಕಿತು. ಜನರು ಇದನ್ನು ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆದರು. ಕಲೆಕ್ಟರನು ಸಮುದ್ರಮಾರ್ಗವಾಗಿ ಕಣ್ಣನೂರಿಗೆ ಓಡಿದನು. ಕೆಲವೇ ದಿನಗಳಲ್ಲಿ ಕಣ್ಣನೂರಿನಿಂದ ಸೈನ್ಯವು ಬಂದು ಎಲ್ಲವೂ ಮುಗಿಯಿತು, ಮುಂದೆ ಗಲ್ಲುಗಳಾದವು. ಕಲ್ಯಾಣಸ್ವಾಮಿಯೆಂಬವನು ಯಾರು, ಅವನು ರಾಜವಂಶದವನೋ ಅಲ್ಲವೋ, ಆತನ ಹೆಸರಿನಲ್ಲಿ ದಂಡನ್ನು ನಡೆಯಿಸಿದವರು ಯಾರು ಎಂಬುದು ದಂಡಿನ ಹಿಂದೆ ನಡೆದವರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಮೋಗ್ಲಿಂಗರು ಈ ದೇಶಕ್ಕೆ ಬಂದು ಆಗ ನಾಲ್ಕೈದು ತಿಂಗಳು. ಸುದ್ದಿಯಿಲ್ಲದ ನಾಡು ಹೇಗಿರುತ್ತದೆಂಬ ಮೊದಲ ಪಾಠ ಅವರಿಗೆ ಇದೇ ಆಗಿದ್ದಿರಬೇಕೆಂದು ಊಹಿಸಿದರೆ ಅಪಚಾರವಾಗಲಾರದು.

1841ರಲ್ಲಿ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರವನ್ನು ಹೂಡಿದರು. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆದ ವೈಗ್ಲೆಯವರು ಯಂತ್ರವನ್ನೂ ಅದನ್ನು ನಡೆಯಿಸಬಲ್ಲ ಮರಾಠೀ ಕೆಲಸಗಾರರನ್ನೂ ಮುಂಬಯಿಯಿಂದ ಒದಗಿಸಿದರು. ಕಲ್ಲಚ್ಚು ಎಂದರೆ, ನುಣುಪಾದ ಒಂದು ಬಗೆಯ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಹವನ್ನು ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮೇಲೆ ಮಸಿಯ ಉರುಳೆಯನ್ನು ಹಾಯಿಸುವುದು. ನೀರು ಕುಡಿದ ಭಾಗವು ಮಸಿಯನ್ನು ಒಲ್ಲದು. ಜಿಡ್ಡಿನ ಅಕ್ಷರವು ಮಾತ್ರ ಹಿಡಿದುಕೊಳ್ಳುವುದು. ಕಾಗದವನ್ನು ಹೇರಿ ಒತ್ತಿದರೆ ಅಚ್ಚು. ಮ್ಯೂನಿಕ್ ನಗರದ ಸೆನೆಫೆಲ್ಡರ್ ಎಂಬವನು 1796ರ ಸುಮಾರಿಗೆ ಕಂಡುಹಿಡಿದ ಈ ವಿದ್ಯೆಯು ಕನ್ನಡಕ್ಕೆ ಬಹಳ ಅನುಕೂಲಿಸಿತು. ಕಾಗುಣಿತ, ಒತ್ತಕ್ಷರಗಳಿಗೆಲ್ಲ ಬೇರೆಬೇರೆ ಮೊಳೆಗಳನ್ನು ಎರಕ ಹೊಯ್ಯಿಸುವುದು ಆಗ ಬಡ ಮಿಶನ್ನಿಗೆ ಸಾಧ್ಯವಿರಲಿಲ್ಲ. ಕಲ್ಲಚ್ಚಿಗೆ ಬೇಕಾಗಿದ್ದುದು ಒಳ್ಳೆಯ ಕೈಬರಹದ ಲಿಪಿಕಾರನೊಬ್ಬನು ಮಾತ್ರ. ಓಲೆಗರಿಯಲ್ಲಿ ಪ್ರತಿಮಾಡಿ ಪಳಗಿದ ಈ ಸೀಮೆಯಲ್ಲಿ ಅಂಥವರಿಗೆ ಕೊರತೆಯಿರಲಿಲ್ಲ. 1842ರಲ್ಲಿ ತುಳು ಭಾಷೆಯ ಮತ್ತಾಯನ ಸುವಾರ್ತೆಯು ಈ ಯಂತ್ರದಿಂದಲೇ ಕನ್ನಡ ಲಿಪಿಯಲ್ಲಿ ಹೊರಬಂದಿತು. ತುಳುವಿನ ಅಚ್ಚಿಗೆ ಕನ್ನಡ ಅಕ್ಷರವೇ ರೂಢಿಯಾದದ್ದು ಅಲ್ಲಿಂದ.

1843ನೆಯ ಜುಲೈ 1ರಂದು 'ಮಂಗಳೂರ ಸಮಾಚಾರ'ದ ಮೊದಲನೆಯ ಸಂಚಿಕೆಯು ಪ್ರಕಟವಾಯಿತು. ಪಕ್ಷಕ್ಕೊಮ್ಮೆ ನಾಲ್ಕು ಪುಟ. ಕ್ರಯ ಒಂದು ದುಡ್ಡು. ಸಂಪಾದಕರು ಮೋಗ್ಲಿಂಗರು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಇತರ ರಾಜ್ಯಗಳ ಸುದ್ದಿ, ಕಥೆ, ನೀತಿವಾಕ್ಯ, ಪುರಂದರದಾಸರ ಪದ ಇವೆಲ್ಲವೂ ಅದರಲ್ಲಿ ಇರುತ್ತಿದ್ದವು. ಪಾದ್ರಿಯೊಬ್ಬರು ಹೊರಡಿಸಿದ ಪತ್ರದಲ್ಲಿ ದಾಸರ ಪದಕ್ಕೆ ಸ್ಥಳವು ದೊರೆತದ್ದನ್ನು ಅಲಕ್ಷ್ಯಮಾಡಲಾಗದು. ಒಬ್ಬ ಶಾನುಭೋಗನಿಗೆ ಸರಕಾರದ ಹೊಸ ನಿರೂಪವು ಕಚೇರಿಯ ಗುಮಾಸ್ತನ ಬಾಯಿಂದಲ್ಲದೆ ಕಾಗದದ ಮೇಲೆಯೇ ಒಂದು ದುಡ್ಡಿಗೆ ದೊರೆಯುವುದೆಂದರೆ, ಆ ಕಾಲಕ್ಕೆ ಅದು ಅಲ್ಪವಾದ ಲಾಭವಲ್ಲ. ನಿರೂಪವನ್ನು ತಿಳಿದವನನ್ನು ಹೆದರಿಸಿ ಲಂಚ ಕೀಳುವುದು ಕಷ್ಟ. ಕರ್ನಾಟಕದಲ್ಲಿ ಪತ್ರಿಕಾದಿನಾಚರಣೆಯು ಜುಲೈ 1ರಂದೇ ನಡೆಯುತ್ತಿರುವುದು ಈ ನಾಲ್ಕು ಪುಟಗಳ ಸ್ಮರಣಾರ್ಥವಾಗಿ.

ಇನ್ನು ಎರಡನೆಯ ಪತ್ರಿಕೆಯ ವಿಷಯ. ಬಾಸೆಲಿನಲ್ಲಿ 1828ರಿಂದ 'ಡೆರ್ ಎವಾಂಗೆಲಿಶೆ ಹೈಡೆನ್‌ಬೋಟೆ' ಎಂಬ ಜರ್ಮನ್ ಪತ್ರಿಕೆಯು ಹೊರಡುತ್ತಿತ್ತು. ಪರದೇಶಗಳಲ್ಲಿರುವ ಪಾದ್ರಿಗಳು ಬರೆದ ಕಾಗದಗಳನ್ನು ತಿದ್ದಿ, ಆರಿಸಿ ಅದರಲ್ಲಿ ಅಚ್ಚುಹಾಕುತ್ತಿದ್ದರು. ಈ ಪದ್ಧತಿಯು ಹೊಸದೇನೂ ಅಲ್ಲ. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ತ್ಸೀಗನ್‌ಬಾಲ್ಗ್ ಮೊದಲಾದವರ ವರದಿಗಳು 1710ರಿಂದಲೇ ಜರ್ಮನಿಯ ಹಾಲೆ ನಗರದಲ್ಲಿ ಅಚ್ಚಾಗುತ್ತಿದ್ದವು. 'ಹೈಡೆನ್' ಎಂದರೆ ತಮ್ಮ ಧರ್ಮಕ್ಕೆ ಹೊರಗಿನವರು. ಆ ಶಬ್ದದಲ್ಲಿರುವ ತಿರಸ್ಕಾರವು ಸಂಸ್ಕೃತದ ಮ್ಲೇಚ್ಛ ಶಬ್ದದಲ್ಲಿರುವುದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಪತ್ರಿಕೆಯ ಓದುಗರು ವ್ಯುರ್ಟೆಂಬರ್ಗಿನ ಹಳ್ಳಿಗಳ ಒಕ್ಕಲಿಗರು, ನೇಕಾರರು, ವಿಧವೆಯರು. ಮಿಶನ್ನಿನ ಖರ್ಚು ನಡೆಯುತ್ತಿದ್ದುದು ಇಂಥವರ ಕಾಣಿಕೆಯಿಂದ. 1855ರಿಂದ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಅತಿ ಸಣ್ಣ ನಾಣ್ಯದ ವಂತಿಗೆಯು ಏರ್ಪಾಟಾಯಿತು. ಇಲ್ಲಿ ಒಂದು ದುಡ್ಡಿನ ಓದುಗ, ಅಲ್ಲಿ ಅರ್ಧ ಬಾಟ್ಸೆನ್ನಿನ ಓದುಗ. ನಡುವೆ ಒಬ್ಬನೇ ಬರೆಹಗಾರ.

ಇಬ್ಬರ ಮನೋಗತವೂ ಬೇರೆ. ಇಲ್ಲಿಯವನು ಲೋಕದ ಸುದ್ದಿಯನ್ನು ಬಯಸುತ್ತಾನೆ. ಅಲ್ಲಿಯವನು ತಾನು ಕೊಟ್ಟ ಕಾಸು ಸಾರ್ಥಕವಾಯಿತೋ ಎಂದು ಕೇಳುತ್ತಾನೆ. ಆದುದರಿಂದ ಎಷ್ಟು ಮಂದಿ ಮತಾಂತರ ಹೊಂದಿದರು, ಈ ದೇಶದ ಅಂಧಕಾರವು ಎಷ್ಟು ಗಾಢವಾಗಿದೆ ಎಂಬುದೇ ಅವನಿಗೆ ಬೇಕಾದ ವಾರ್ತೆ. ಈ ಭೇದವು 1844ನೆಯ ಜನವರಿಯಲ್ಲಿ ಪರಾಕಾಷ್ಠೆಗೆ ಏರಿತು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣರು ಸಂಗಡಿಗರೊಡನೆ ಮೋಗ್ಲಿಂಗರಿಂದ ದೀಕ್ಷೆಯನ್ನು ಪಡೆದು, ಗುರುವಿನ ಹೆಸರಾದ ಹೆರ್ಮನ್ ಎಂಬುದನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಮಂಗಳೂರಿನಲ್ಲಿ ದೊಡ್ಡ ಕ್ಷೋಭೆಯಾಯಿತು. ಬಾಸೆಲಿನ ಭಕ್ತರಿಗೆ ಅದಕ್ಕಿಂತ ಶುಭವಾರ್ತೆಯಿಲ್ಲ. ಇಲ್ಲಿಯ ಬಂಧುಗಳ ಮನೆಯಲ್ಲಿ ಮಗನು ಸತ್ತಂತೆ ಸೂತಕ. ಒಂದೇ ದಿನದ, ಒಂದೇ ಬೀದಿಯ ಸುದ್ದಿಯನ್ನು ಆ ಎರಡು ಬಗೆಯ ಓದುಗರಿಗೂ ಒಂದೇ ಮಾತಿನಲ್ಲಿ ತಿಳಿಸಬಲ್ಲ ಸಂಪಾದಕನು ಭೂಮಿಯ ಮೇಲೆ ಇನ್ನೂ ಹುಟ್ಟಿರಲಾರನು. ಕೌಂಡಿನ್ಯರು 1846ರಿಂದ 1851ರವರೆಗೆ ಬಾಸೆಲಿನಲ್ಲಿ ವ್ಯಾಸಂಗಮಾಡಿ, ಪಾದ್ರಿಗಳಾಗಿ ಹಿಂದಿರುಗಿ ಆಮರಣಾಂತವೂ ಈ ದೇಶದಲ್ಲೇ ದುಡಿದರು.

ಅದೇ 1844ರಲ್ಲಿ ಪತ್ರವನ್ನು ಬಳ್ಳಾರಿಗೆ ಒಯ್ದರು. ಬಳ್ಳಾರಿಯ ಲಂಡನ್ ಮಿಶನ್ನಿನವರಲ್ಲಿ ಕನ್ನಡದ ಮೊಳೆಗಳಿದ್ದುವು. ಮೊಳೆಯಚ್ಚಿನಿಂದ ಹೆಚ್ಚು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಊರು ಬದಲಾದುದರಿಂದ ಹೆಸರೂ ಬದಲಾಗಿ 'ಕನ್ನಡ ಸಮಾಚಾರ'ವಾಯಿತು. ಅಕ್ಷರವು ಅಂದವಾಯಿತು, ಬಾಳು ಮಾತ್ರ ಬೆಳೆಯಲಿಲ್ಲ. ಸ್ವಲ್ಪಕಾಲದಲ್ಲೇ ಪತ್ರವು ನಿಂತಿತು. ನೇತ್ರಾವತಿಯ ದಡದ ಓದುಗನಿಗೆ ತುಂಗಭದ್ರೆಯ ಆಚೆಯಿಂದ ಬರುವ ಪತ್ರವು ಹಿಂದಿನಂತೆ ಮನೆಯ ಪತ್ರವಾಗಿ ಉಳಿಯುವುದು ಹೇಗೆ? ಸ್ಥಳೀಯ ಪತ್ರಕ್ಕೆ ಸ್ಥಳವೇ ಪ್ರಾಣವೆಂಬುದನ್ನು ಸೌರನ ಹಳ್ಳಿಯ ಓದುಗರು ನೂರು ವರ್ಷ ಮೊದಲೇ ತೋರಿಸಿಕೊಟ್ಟಿದ್ದರು.

ಮೋಗ್ಲಿಂಗರ ಪ್ರಯತ್ನವು ಬಂಜೆಯಾಗಲಿಲ್ಲ. ತಲಚೇರಿಯಲ್ಲಿದ್ದ ಅವರ ಮಿತ್ರರಾದ ಹೆರ್ಮನ್ ಗುಂಡರ್ಟರು 1847ರಲ್ಲಿ, ಇದೇ ಕಲ್ಲಚ್ಚಿನ ಕ್ರಮದಿಂದ, 'ರಾಜ್ಯಸಮಾಚಾರಂ', 'ಪಶ್ಚಿಮೋದಯಂ' ಎಂಬ ಎರಡು ಪತ್ರಗಳನ್ನು ಮಲಯಾಳದಲ್ಲಿ ಹೊರಡಿಸಿದರು. ಆ ಭಾಷೆಗೆ ಅವೇ ಮೊದಲನೆಯವು. ಮೋಗ್ಲಿಂಗರು ಮುಂದೆ ಬಿಬ್ಲಿಯೋತಿಕಾ ಕರ್ಣಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಬೆಳಕಿಗೆ ತಂದರು. ಅದರ ಖರ್ಚನ್ನು ಹೊತ್ತವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಓಲೆಗರಿಯಲ್ಲಿ ಹುಳು ತಿನ್ನುತ್ತಿದ್ದ ಕಾವ್ಯವು ಕಾಗದಕ್ಕೆ ಏರಿತು.

ಇಲ್ಲಿ ಜರ್ಮನ್ ಭಾಷೆಯ ಮೂರನೆಯ ಬಗೆಯ ಪತ್ರಿಕೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ಜರ್ಮನಿಯ ಪ್ರಾಚ್ಯವಿದ್ಯಾಸಂಘವು ಪ್ರಕಟಿಸುತ್ತಿದ್ದ ಪಂಡಿತಪತ್ರಿಕೆಯಲ್ಲಿ ವೈಗ್ಲೆಯವರು 1848ರಲ್ಲಿ ಕನ್ನಡ ಭಾಷಾಸಾಹಿತ್ಯಗಳ ಮೇಲೆ ಲೇಖನವನ್ನು ಬರೆದರು. 1860ರಿಂದ ಮೋಗ್ಲಿಂಗರು ದಾಸರ ಪದಗಳನ್ನು ಜರ್ಮನ್ ಪದ್ಯವಾಗಿ ಅದರಲ್ಲಿ ಪ್ರಕಟಿಸಿದರು. ಹೈಡೆನ್‌ಬೋಟೆಯ ಓದುಗರಿಗೆ ಅಂಧಕಾರವನ್ನು ವರ್ಣಿಸಿದ ಬಳಗವೇ ಪಂಡಿತರಿಗೆ ಪುರಂದರ ಕನಕರ ಬೆಳಕನ್ನು ತೋರಿಸಿತು. ಬರೆದವರು ಬದಲಾದುದಲ್ಲ, ಕೇಳುವವರು ಬದಲಾದರು. ಮೋಗ್ಲಿಂಗರು 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿ 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಚರಿತ್ರೆಯನ್ನು ಬರೆದು ಪ್ರಕಟಿಸಿದವರು ಗುಂಡರ್ಟರು. ಕನ್ನಡದ ಮೊದಲನೆಯ ಪತ್ರಿಕಾಸಂಪಾದಕರ ಜೀವನವನ್ನು ಮಲಯಾಳದ ಮೊದಲನೆಯ ಪತ್ರಿಕಾಸಂಪಾದಕರು ಬರೆದರು. ಬರೆದದ್ದು ಜರ್ಮನ್ ಭಾಷೆಯಲ್ಲಿ.

ಮಂಗಳೂರಿನ ಅಚ್ಚುಕೂಟವು ಬೆಳೆಯುತ್ತ ಹೋಯಿತು. 1851ರಲ್ಲಿ ಬಂದ ಪ್ಲೆಬ್ಸ್ಟ್ ಎಂಬವರು ಹೊಸ ಮೊಳೆಗಳನ್ನು ತಂದು ಮೊಳೆಯಚ್ಚನ್ನು ಆರಂಭಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಹೂಡಿದವರೂ ಇವರೇ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾದುವು. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಕಾಲದ ಮಕ್ಕಳಿಗೆ ಅಕ್ಷರವೆಂದರೆ ಬಾಸೆಲ್ ಮಿಶನ್ನಿನ ಅಕ್ಷರವೇ.

1914ರಲ್ಲಿ ಮಹಾಯುದ್ಧವು ಬಂದಾಗ ಲೋಕದೆಲ್ಲೆಡೆಯ ಜರ್ಮನ್ ಪತ್ರಗಳಿಗೂ ಗ್ರಹಣವು ಹಿಡಿಯಿತು. ಆಸ್ಟ್ರೇಲಿಯದಲ್ಲಿ ಅವುಗಳನ್ನು ಮುಚ್ಚಿಸಿದರು. ದಕ್ಷಿಣ ಆಸ್ಟ್ರೇಲಿಯದಲ್ಲಿ 1917ರ ಕಾಯಿದೆಯಿಂದ ಊರುಗಳ ಜರ್ಮನ್ ಹೆಸರುಗಳನ್ನೂ ಅಳಿಸಿದರು. ಶಾಂಘಾಯಿಯ ಪತ್ರವು 1917ರಲ್ಲಿ ನಿಂತಿತು. ಅಮೇರಿಕೆಯಲ್ಲಿ ಆ ವರ್ಷದ ಅಕ್ಟೋಬರಿನಿಂದ ಯುದ್ಧಸಂಬಂಧವಾದ ಪ್ರತಿಯೊಂದು ಲೇಖನದ ಇಂಗ್ಲಿಷ್ ಭಾಷಾಂತರವನ್ನು ಪೋಸ್ಟ್ ಮಾಸ್ತರನಿಗೆ ಒಪ್ಪಿಸಬೇಕೆಂದು ಕಾಯಿದೆಯಾಯಿತು. ಸಣ್ಣ ಪತ್ರಗಳು ಅದರ ಭಾರಕ್ಕೆ ಕುಸಿದುವು. ಮಂಗಳೂರಿನ ಜರ್ಮನ್ ಪಾದ್ರಿಗಳನ್ನೂ ಸೆರೆಯಲ್ಲಿರಿಸಿ ತರುವಾಯ ಹಡಗಿನಲ್ಲಿ ಸ್ವದೇಶಕ್ಕೆ ಅಟ್ಟಿದರು. ಹಂಚಿನ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಕೈಸೇರಿದುವು. ಆದರೆ ಅಚ್ಚುಕೂಟದ ಕೆಲಸವು ಕೆಡಲಿಲ್ಲ. ಅಲ್ಲಿ ಮೊಳೆ ಜೋಡಿಸುವವರು ಇಲ್ಲಿಯವರು, ಜೋಡಿಸುತ್ತಿದ್ದುದು ಇಲ್ಲಿಯ ಅಕ್ಷರ, ಓದುವವರೂ ಇಲ್ಲಿಯವರೇ. ಮುಚ್ಚುವುದಕ್ಕೆ ಜರ್ಮನ್ ಪತ್ರವೆಂಬುದೊಂದು ಆ ಊರಿನಲ್ಲಿ ಇರಲೇ ಇಲ್ಲ.

'ಮಂಗಳೂರ ಸಮಾಚಾರ'ದ ವೃತ್ತಾಂತವನ್ನು ಶ್ರೀನಿವಾಸ ಹಾವನೂರರು 'ಹೊಸಗನ್ನಡದ ಅರುಣೋದಯ'ವೆಂಬ ತಮ್ಮ ಗ್ರಂಥದ ಮೂಲಕ ಕನ್ನಡಿಗರಿಗೆ ಪರಿಚಯಮಾಡಿಕೊಟ್ಟರು. ಇನ್ನೊಂದು ಪತ್ರಿಕೆಯ ಮೂಲವಾದ ಕೈಬರಹದ ಕಾಗದಗಳು, ಮಂಗಳೂರು, ಮೂಲ್ಕಿ, ಉಡುಪಿಗಳ ನೆಲೆಗಳಿಂದ ಹೋದ ವರದಿಗಳು, ಬಾಸೆಲಿನ ದಫ್ತರಖಾನೆಯಲ್ಲಿವೆ. 2001ರಿಂದ ಮಿಶನ್ 21 ಎಂಬ ಸಂಸ್ಥೆಯು ಅದನ್ನು ನೋಡಿಕೊಳ್ಳುತ್ತಿದೆ. ಕ್ಷಾಮ, ವಿಷೂಚಿ, ನೆರೆ, ಭೂತಸೇವೆ, ಸಂತೆ, ಸಾಲ, ಅಳಿಯಸಂತಾನದ ವ್ಯಾಜ್ಯ ಇವೆಲ್ಲವುಗಳ ಮೇಲೂ ಕಣ್ಣಿಟ್ಟಿದ್ದ ಪರಕೀಯರ ಬರೆಹಗಳು ಅವು. ಅಚ್ಚಾದಾಗ ಕೈಬಿಟ್ಟುಹೋದ ಭಾಗಗಳೂ ಅವುಗಳಲ್ಲಿ ಉಳಿದಿವೆ. ಆದರೆ ಬರೆದಿರುವುದು ಕುರೆಂಟ್ ಎಂಬ ಹಳೆಯ ಜರ್ಮನ್ ಕೂಡುಬರಹದಲ್ಲಿ. ಮೋಡಿಲಿಪಿಯು ಈಗಿನ ಮರಾಠಿಗನಿಗೆ ಹೇಗೋ ಹಾಗೆ, ಅದು ಈಗಿನ ಜರ್ಮನನಿಗೂ ಸುಲಭಸಾಧ್ಯವಲ್ಲ. ಬಂಟ್ವಾಳ ಬೆಳ್ತಂಗಡಿಗಳ ಕಡೆಯ ವಿದ್ಯಾರ್ಥಿಯೊಬ್ಬನು ಜರ್ಮನ್ ಭಾಷೆಯನ್ನು ಕಲಿತು, ಮೇಲೆ ಆ ಲಿಪಿಯನ್ನೂ ಅಭ್ಯಾಸಮಾಡಿದರೆ, ತನ್ನ ಅಜ್ಜನ ಅಜ್ಜನು ನಡೆದ ಪೇಟೆಯು ಅವನ ಕಣ್ಣಮುಂದೆ ಬರಬಹುದು. ತುಳು ಹೆಸರುಗಳನ್ನು ಆ ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆದಿರುವುದರಿಂದ, ಅವುಗಳನ್ನು ಸರಿಯಾಗಿ ಗುರುತಿಸುವುದಕ್ಕೆ ಈ ಊರಿನವನೇ ಬೇಕು.